ಐದು ಪಡಿ ಹಾಲಿಗೆ ನಾಲ್ಕು ಕೈ

ಹೋದ ತಿಂಗಳು ನಾನು ಲಾಗರಿದಮ್ ಟೇಬಲ್ ಹಿಡಿದುಕೊಂಡು ಒಬ್ಬ ನಿರಪರಾಧಿ ಹೆಂಗಸನ್ನು ಕಳ್ಳಿ ಎಂದು ಸಾಧಿಸಿಬಿಟ್ಟೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಲ್ಕು ದಶಮಾಂಶ ಸ್ಥಾನದವರೆಗೆ ಸರಿಯಾಗಿಯೇ ಇತ್ತು. ನಾಚಿಕೆಯಾಗುವುದು ಅದಕ್ಕೇ.

ನಾನು ಹೊಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಲಾಗರಿದಮ್ ಪಾಠ ಬಂದಾಗಲೆಲ್ಲ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, "ಸಾರ್, ಇದರಿಂದ ಏನು ಉಪಯೋಗ?" ಎಂದು ಕೇಳುತ್ತಾರೆ. ನಾನು ಹದಿನೈದು ವರ್ಷದಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. "ಪರೀಕ್ಷೆಗೆ ಬರುತ್ತದೆ, ಕೂತುಕೋ." ಈಗ ಬೇರೆ ಉತ್ತರ ಸಿಕ್ಕಿದೆ. ಕ್ಲಾಸಿನಲ್ಲಿ ಹೇಳುವಂಥದ್ದಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ.

ಯುದ್ಧ ಶುರುವಾದ ಮೇಲೆ ನಮ್ಮೂರಿನಲ್ಲಿ ಸೀಮೆಎಣ್ಣೆಗೊಂದು ಕಮಿಟಿ, ಸಕ್ಕರೆಗೊಂದು ಕಮಿಟಿ, ಬಟ್ಟೆಗೊಂದು ಕಮಿಟಿ. ಕಮಿಟಿ ಆದ ವಸ್ತು ಬಜಾರಿನಿಂದ ಮಾಯವಾಗುವುದು ಏಕೆ ಎಂದು ಯಾರೂ ಸಂಶೋಧನೆ ಮಾಡಿಲ್ಲ. ಹೀಗಿರುವಾಗ ಊರಿನ ಕೆಲವು ಗಣ್ಯರು ಸೇರಿ ಹಾಲಿಗೂ ಒಂದು ಕಮಿಟಿ ಮಾಡಿದರು. ತಾಯಿಯ ಎದೆಹಾಲು ಸಾಲದ ಬಡ ಕೂಸುಗಳಿಗೆ ದಿನಾ ಒಂದೊಂದು ಲೋಟ ಹಾಲು. ಒಳ್ಳೆಯ ಕೆಲಸ. ಇದರಲ್ಲಿ ನನಗೆ ವ್ಯಂಗ್ಯವಿಲ್ಲ. (ವ್ಯಂಗ್ಯ ಆಮೇಲೆ ಬರುತ್ತದೆ.)

ಅಧ್ಯಕ್ಷರು ಊರಿಗೆ ದೊಡ್ಡವರು. ಹೆಸರು ಬೇಡ. ನಮ್ಮ ಸ್ಕೂಲಿನ ಆಡಳಿತ ಮಂಡಳಿಯಲ್ಲೂ ಅವರೇ ಇದ್ದಾರೆ ಎಂದರೆ ಸಾಕು. ಒಬ್ಬ ವಕೀಲರು, ಇಬ್ಬರು ವರ್ತಕರು ಸದಸ್ಯರು. ಲ್ಯಾಕ್ಟೋಮೀಟರ್ ಇಟ್ಟುಕೊಂಡಿದ್ದ ಒಂದೇ ಅಪರಾಧಕ್ಕೆ ನಾನು ಕಾರ್ಯದರ್ಶಿ. ದಿನಾ ಬೆಳಿಗ್ಗೆ ಹತ್ತಕ್ಕೆ ಹಾಲು ಹಂಚುವಾಗ ಕಮಿಟಿ ಆಫೀಸಿನ ಜಗಲಿಯ ಮೇಲೆ ನಿಂತು, ರಿಜಿಸ್ಟರಿನಲ್ಲಿ 'ಹಾಲು ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಬೇಕು. ಹಾಕುತ್ತಿದ್ದೆ. ಲ್ಯಾಕ್ಟೋಮೀಟರ್ ಎಲ್ಲಿತ್ತು? ಮನೆಯ ಬೀರುವಿನಲ್ಲಿ, ಹತ್ತಿಯಲ್ಲಿ ಸುತ್ತಿ ಭದ್ರವಾಗಿತ್ತು.

ಹಾಲು ಬರುತ್ತಿದ್ದುದು ಜವಳಗಿರಿಯಿಂದ. ಅಲ್ಲಿ ಮಾದಮ್ಮ ಎಂಬ ಹೆಂಗಸು ನಾಲ್ಕು ಎಮ್ಮೆ ಸಾಕಿದ್ದಾಳೆ. ಬೆಳಿಗ್ಗೆ ಕರೆದ ಐದು ಪಡಿ ಹಾಲನ್ನು ಕಮಿಟಿಯ ಹಿತ್ತಾಳೆ ಕ್ಯಾನಿಗೆ ಕುತ್ತಿಗೆಯ ಗುರುತಿನವರೆಗೆ ತುಂಬಿ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿಗೆ ಏರಿಸುತ್ತಾಳೆ. ಬಸ್ಸು ಹೊಸೂರಿಗೆ ಬಂದು, ಸ್ಟ್ಯಾಂಡಿನ ಎದುರಿನ ಕಾಫಿ ಹೋಟೆಲಿನಲ್ಲಿ ಕ್ಯಾನು ಇಳಿಯುತ್ತದೆ. ನಮ್ಮ ಜವಾನ ಅಲ್ಲಿಂದ ಅಧ್ಯಕ್ಷರ ಮನೆಗೆ ಒಯ್ಯುತ್ತಾನೆ. ಅಲ್ಲಿ ತಂಪು ಕೋಣೆಯಲ್ಲಿ ಒಂದು ಗಂಟೆ ಹೊತ್ತು ಕ್ಯಾನಿಗೆ ವಿಶ್ರಾಂತಿ. ಆಮೇಲೆ ಜವಾನನೇ ಅದನ್ನು ಹೊತ್ತು ಜಗಲಿಗೆ ತರುತ್ತಾನೆ.

ಇನ್ನೊಂದು ವಿಷಯ. ಅಳತೆಗೆ ಅನುಕೂಲವಾಗಲಿ ಎಂದು ಕಮಿಟಿಯವರು ಕ್ಯಾನಿನ ಕುತ್ತಿಗೆಗೆ ಸರಪಳಿ ಹಾಕಿ ಒಂದು ಪಡಿಯ ಪಾತ್ರೆ ತೂಗುಬಿಟ್ಟಿದ್ದರು. ಕದಿಯುವವನು ಪಾತ್ರೆ ಹುಡುಕಬೇಕಾಗಿಲ್ಲ! ಅದೂ ನಮ್ಮದೇ ಸೇವೆ.

ಒಂದು ಸಂಜೆ ಮೀಟಿಂಗಿನಲ್ಲಿ ಅಧ್ಯಕ್ಷರು ಮೇಜು ಗುದ್ದಿದರು.

"ಏನ್ರೀ ಮೇಷ್ಟ್ರೇ, ಹಾಲು ಇಷ್ಟು ನೀರಾಗಿದೆ? ನಿನ್ನೆ ಕಾಫಿ ಬಾಯಿಗಿಡೋಕಾಗ್ಲಿಲ್ಲ!"

(ಕೂಸುಗಳ ಹಾಲಿನ ಕಾಫಿ ಇವರ ಬಾಯಿಗೆ ಹೋದದ್ದು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.)

ಮಾರನೆಯ ದಿನ ಲ್ಯಾಕ್ಟೋಮೀಟರ್ ಹತ್ತಿಯಿಂದ ಹೊರಗೆ ಬಂತು. ಇದೊಂದು ಗಾಜಿನ ಕಡ್ಡಿ. ಒಳ್ಳೆಯ ಹಾಲಿನಲ್ಲಿ ಮೇಲೆ ತೇಲುತ್ತದೆ, ನೀರಿನಲ್ಲಿ ಮುಳುಗುತ್ತದೆ. ನಾನು ಅದಕ್ಕೆ ನೂರು ಭಾಗದ ಕಾಗದದ ಪಟ್ಟಿ ಅಂಟಿಸಿಕೊಂಡಿದ್ದೆ. ನೂರು ಎಂದರೆ ಬರೀ ಹಾಲು. ಸೊನ್ನೆ ಎಂದರೆ ಬರೀ ನೀರು. ಜಗಲಿಗೆ ಬಂದ ಕ್ಯಾನಿನಲ್ಲಿ ಬಿಟ್ಟರೆ ಕಡ್ಡಿ ನಿಂತದ್ದು ನಲವತ್ತೊಂದಕ್ಕೆ.

ಅರ್ಧ ಹಾಲೂ ಇಲ್ಲ! ಎದುರಿಗೆ ತಾಯಂದಿರು ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಅದರ ಮೇಲೆ ನನ್ನ ಸಹಿ ಎಷ್ಟು ತಿಂಗಳಿನಿಂದ ಇತ್ತು ಎಂದು ಎಣಿಸಲು ಹೋಗಲಿಲ್ಲ.

ಮಾದಮ್ಮನನ್ನು ಕರೆಸಿದರು. ಐವತ್ತರ ಹತ್ತಿರದ, ಗಟ್ಟಿ ಎಲುಬಿನ ಹೆಂಗಸು. ಬಾಗಿಲ ಹೊರಗೇ ನಿಂತಳು. ಕೂರಲು ಯಾರೂ ಹೇಳಲಿಲ್ಲ.

"ಎರಡು ಪಡಿ ಹಾಲಿಗೆ ಮೂರು ಪಡಿ ನೀರು ಹುಯ್ದು ಕಳಿಸ್ತೀಯಲ್ಲ, ಮನುಷ್ಯಳೇನೇ ನೀನು?" ಎಂದರು ಅಧ್ಯಕ್ಷರು.

"ನಾನ್ ಹಾಕಿಲ್ಲ ಸ್ವಾಮಿ. ನಮ್ಮೂರ್ನಾಗೆ ಕುಡಿಯಾಕೆ ನೀರಿಲ್ಲ. ಹಾಲ್ಗೆ ಹುಯ್ಯಾಕೆ ಮೂರ್ ಪಡಿ ಎಲ್ಲಿಂದ ತರ್ಲಿ?"

ನನಗೆ ಒಳಗೊಳಗೇ ಅವಳ ಮೇಲೆ ನಂಬಿಕೆ ಬಂತು. ಅವಳನ್ನು ಪಾರುಮಾಡಬೇಕೆಂದೇ ಎದ್ದು ನಿಂತೆ. ದೇವರಾಣೆಗೂ ನನ್ನ ಉದ್ದೇಶ ಒಳ್ಳೆಯದೇ.

"ಇದು ಒಬ್ಬರ ಕೆಲಸವೇ ಆಗಬೇಕಾಗಿಲ್ಲ," ಎಂದೆ. "ಒಬ್ಬೊಬ್ಬರೂ ಒಂದೊಂದು ಪಡಿ ತೆಗೆದು, ಒಂದೊಂದು ಪಡಿ ನೀರು ಹುಯ್ದಿರಬಹುದು. ಗುರುತಿನ ಮಟ್ಟ ಹಾಗೇ ಇರುತ್ತದೆ. ಎಷ್ಟು ಜನ ಎಂಬುದನ್ನು ಲೆಕ್ಕದಿಂದ ಕಂಡುಹಿಡಿಯಬಹುದು."

ಬಾಗಿಲಲ್ಲಿ ನಿಂತಿದ್ದ ಜವಾನ ಬಿಳಿಚಿಕೊಂಡ. ಲೆಕ್ಕ ಎಂಬ ಮಾತಿಗೆ ಅಷ್ಟು ಶಕ್ತಿಯಿದೆ ಎಂದು ನನಗೇ ಗೊತ್ತಿರಲಿಲ್ಲ. "ನಂದು ಒಂದೇ ಪಡಿ ಸ್ವಾಮಿ! ತೆಗ್ದಿದ್ದೂ ಒಂದೇ, ಹುಯ್ದಿದ್ದೂ ಒಂದೇ!" ಎಂದು ಕೂಗಿಬಿಟ್ಟ.

ರಸ್ತೆಯ ಆಚೆಗೇ ಬಸ್ ಸ್ಟ್ಯಾಂಡು. ಹೋಟೆಲಿನವನನ್ನೂ ಬಸ್ಸಿನ ಕಂಡಕ್ಟರನ್ನೂ ಕರೆಸಿದೆವು. ಇಬ್ಬರೂ ಒಂದೊಂದು ಪಡಿ ಒಪ್ಪಿಕೊಂಡರು. ಹೋಟೆಲಿನವನಂತೂ ಒಪ್ಪಿಕೊಂಡಿದ್ದಲ್ಲದೆ ದೂರನ್ನೂ ಕೊಟ್ಟ. "ಏಮಂಡಿ ಮೇಷ್ಟ್ರೇ, ನಾನು ತೆಗೆಯೋ ಪಡೀಲೇ ನೀರಿರ್ತದೆ. ಈ ಕಂಡಕ್ಟರ್ ದೊಂಗ, ಮೊದ್ಲೇ ಕಲಸಿರ್ತಾನೆ!" ಎಂದು ಕಂಡಕ್ಟರನ್ನೇ ಕಳ್ಳ ಎಂದ. ನೋಡಿ, ಕಳ್ಳನಿಗೂ ಮೋಸವಾದರೆ ಎಷ್ಟು ಸಂಕಟ!

ಅವನ ಸಂಕಟದಲ್ಲೇ ನನ್ನ ಲೆಕ್ಕವೂ ಇದೆ. ಮೊದಲನೆಯವನು ತೆಗೆಯುವುದು ಶುದ್ಧ ಹಾಲು. ಉಳಿದದ್ದು ಐದರಲ್ಲಿ ನಾಲ್ಕು ಭಾಗ, ಅಂದರೆ ನೂರಕ್ಕೆ ಎಂಬತ್ತು. ಎರಡನೆಯವನು ತೆಗೆಯುವುದು ಕಲಬೆರಕೆ. ಅವನು ಕೈ ಹಾಕಿದ ಮೇಲೆ ಎಂಬತ್ತರ ಐದರಲ್ಲಿ ನಾಲ್ಕು, ಅರವತ್ತನಾಲ್ಕು. ಹೀಗೆ ಪ್ರತಿ ಕೈಗೂ ಸೊನ್ನೆ ಬಿಂದು ಎಂಟರಿಂದ ಗುಣಿಸುತ್ತಾ ಹೋಗಬೇಕು. ಕೈಗಳ ಸಂಖ್ಯೆ ಎನ್ ಆದರೆ, ಸೊನ್ನೆ ಬಿಂದು ಎಂಟರ ಎನ್ ಘಾತ ಸಮ ಸೊನ್ನೆ ಬಿಂದು ನಾಲ್ಕು ಒಂದು.

ಇಲ್ಲಿ ನಮಗೆ ಬೇಕಾದ ಎನ್ ಮಹಾಶಯ ಘಾತದ ಸ್ಥಾನದಲ್ಲಿ, ಉಳಿದವರ ತಲೆಯ ಮೇಲೆ ಕೂತಿದ್ದಾನೆ. ಮೇಲೆ ಕೂತವರನ್ನು ಕೂಡಿಸಿ ಕಳೆದು ಇಳಿಸಲಾಗುವುದಿಲ್ಲ. ಅದಕ್ಕೇ ಲಾಗರಿದಮ್. ಎರಡು ಕಡೆಗೂ ಲಾಗ್ ತೆಗೆದುಕೊಂಡರೆ ಎನ್ ತೆಪ್ಪಗೆ ಕೆಳಗಿಳಿದು ಲಾಗ್‌ನ ಪಕ್ಕದಲ್ಲಿ ಗುಣಕವಾಗಿ ನಿಲ್ಲುತ್ತಾನೆ. ಆಮೇಲೆ ಬರೀ ಭಾಗಾಕಾರ. ಸೊನ್ನೆ ಬಿಂದು ನಾಲ್ಕು ಒಂದರ ಲಾಗ್, ಋಣ 0.3872. ಸೊನ್ನೆ ಬಿಂದು ಎಂಟರದು, ಋಣ 0.0969. ಋಣಕ್ಕೆ ಋಣ ಹೋಯಿತು. ಭಾಗಿಸಿದರೆ 3.996.

"ನಾಲ್ಕು!" ಎಂದೆ. "ನಾಲ್ಕು ಕೈ!"

ಕಮಿಟಿ ಚಪ್ಪಾಳೆ ತಟ್ಟಿತು. ನನ್ನ ಜೀವಮಾನದಲ್ಲಿ ಲಾಗರಿದಮ್‌ಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

"ಮೂರೇ ಆಗಿರಬಾರದೇಕೆ?" ಎಂದು ವಕೀಲರು ಕೇಳಿದರು.

"ಆಗುವುದಿಲ್ಲ. ಮೂರಾದರೆ ಕಡ್ಡಿ ಐವತ್ತೊಂದಕ್ಕೆ ನಿಲ್ಲಬೇಕಿತ್ತು. ನಾಲ್ಕೇ. ಗಣಿತಕ್ಕೆ ದಾಕ್ಷಿಣ್ಯ ಇಲ್ಲ."

ಅಧ್ಯಕ್ಷರು ನಿಧಾನವಾಗಿ ಬೆರಳು ಮಡಿಸಿದರು. "ಕಂಡಕ್ಟರ್ ಒಂದು. ಹೋಟೆಲಿನವನು ಎರಡು. ಜವಾನ ಮೂರು." ನಾಲ್ಕನೆಯ ಬೆರಳು ಬಾಗಿಲ ಕಡೆಗೆ ತಿರುಗಿತು. "ನಾಲ್ಕನೆಯವಳು ಇವಳೇ. ಮೇಷ್ಟ್ರು ಲೆಕ್ಕದಿಂದ ಪ್ರೂವ್ ಮಾಡಿದ್ದಾರೆ."

ಕ್ಯಾನು ದಿನಾ ಒಂದು ಗಂಟೆ ಕೂರುವ ಇನ್ನೊಂದು ಜಾಗ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಅದರ ಹೆಸರೆತ್ತಲಿಲ್ಲ. ನಾನು ಎತ್ತಿದೆನೆ? ಹದಿನೈದು ವರ್ಷವಾದರೂ ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಮಂಡಳಿಯಲ್ಲಿ ಅವರಿದ್ದಾರೆ, ಮನೆಯಲ್ಲಿ ಐದು ಹೊಟ್ಟೆ. ಗಣಿತಕ್ಕೆ ದಾಕ್ಷಿಣ್ಯವಿಲ್ಲ. ಗಣಿತದ ಮೇಷ್ಟ್ರಿಗೆ ಧಾರಾಳವಾಗಿ ಇದೆ.

ಮೂವರು ಗಂಡಸರನ್ನೂ ಬೈದು ಕಳಿಸಿಬಿಟ್ಟರು. ಅವರು ಊರಿಗೆ ಬೇಕಾದವರು. ಮಾದಮ್ಮನನ್ನು ಮಾತ್ರ ಕೆಲಸದಿಂದ ತೆಗೆದರು. ಆದರೆ ಬೇರೆ ಏರ್ಪಾಡು ಆಗುವ ತನಕ ಕಳ್ಳಿಯ ಹಾಲೇ ಬರಲಿ ಎಂದು ತೀರ್ಮಾನವಾಯಿತು.

ಮಾದಮ್ಮ ಅಧ್ಯಕ್ಷರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ನಾಕ್ ಕೈ ಅಂತ ನಿಮ್ ಪುಸ್ತ್ಕ ಸರ್ಯಾಗೇ ಯೋಳ್ತು ಸ್ವಾಮಿ. ಯಾವ್ ಕೈ ಅಂತ ಯಾಕ್ ಯೋಳ್ನಿಲ್ಲ?"

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತಲಿಲ್ಲ. "ಲೆಕ್ಕ ಸರಿ ಇತ್ತು ಅಂತೀರಿ. ನಾಲಿಗೆಗೆ ಏನಾಗಿತ್ತು?" ಎಂದಳು. ಆ ವಾರವೆಲ್ಲ ಊಟದಲ್ಲಿ ನನಗೆ ಮಜ್ಜಿಗೆ ಬಡಿಸುವಾಗ, "ನೀರು ಜಾಸ್ತಿ ಆಯ್ತೋ ಏನೋ, ಲಾಗ್ ಹಾಕಿ ನೋಡಿ" ಎನ್ನುತ್ತಿದ್ದಳು.

ಶನಿವಾರ ಸಂಜೆಯ ಬಸ್ಸು ಹತ್ತಿದೆ. ಜವಳಗಿರಿಯಲ್ಲಿ ಪರಿಚಯದ ಪ್ರೈಮರಿ ಮೇಷ್ಟ್ರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮಾದಮ್ಮನ ಹಟ್ಟಿಗೆ ಹೋದೆ. ಅವಳು ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದಳು.

"ಇನ್ನೇನ್ ಉಳ್ದದೆ ಅಂತ ಬಂದ್ರಿ? ಬಾವಿತಾವ ಹೋದ್ರೆ ನಮ್ಮೂರ ಹೆಂಗಸ್ರು, 'ಮಾದಕ್ಕ, ಈ ಕೊಡ ಮನೇಗಾ, ಹಾಲ್ಗಾ?' ಅಂತಾರೆ. ಮೂವತ್ ವರ್ಸ ಹಾಲ್ ಮಾರೀವ್ನಿ. ನನ್ ಹೆಸ್ರು ಒಂದ್ ಗಳ್ಗೇಲಿ ಕೆಡಸ್ಬುಟ್ರಲ್ಲ."

ಚೀಲದಿಂದ ಲ್ಯಾಕ್ಟೋಮೀಟರ್ ತೆಗೆದು, "ಹಾಲು ಕರೆಯಮ್ಮಾ. ಇವತ್ತು ಕ್ಯಾನಿನ ಜೊತೆ ನಾನೂ ಬರ್ತೀನಿ, ನೀನೂ ಬಾ," ಎಂದೆ.

ಅವಳು ಕರೆದಳು. ಆರಿದ ಮೇಲೆ ಕಡ್ಡಿ ಬಿಟ್ಟೆ. ನೂರು. ಕೂದಲಷ್ಟೂ ಕೆಳಗಿಲ್ಲ.

ಬಸ್ಸಿನಲ್ಲಿ ಕ್ಯಾನನ್ನು ನನ್ನ ಎರಡು ಕಾಲಿನ ನಡುವೆ ಇಟ್ಟುಕೊಂಡು ಕೂತೆ. ಮಾದಮ್ಮ ಪಕ್ಕದಲ್ಲಿ. ಕಾಡಿನ ತಿರುವಿನಲ್ಲಿ ಆನೆ ದಾಟುತ್ತಿದೆ ಎಂದು ಬಸ್ಸು ಕಾಲು ಗಂಟೆ ನಿಂತಿತು. ಕಂಡಕ್ಟರ್ ನನ್ನನ್ನೂ ಕ್ಯಾನನ್ನೂ ಮತ್ತೆ ಮತ್ತೆ ನೋಡಿದ. "ಎನ್ನ ಸಾರ್ ಇದು! ಇವತ್ತು ಡ್ರೈವರ್‌ಗೆ ಕಾಫಿ ಬೇಡ್ವಾ?" ಎಂದ, ನಾನೇ ಅನ್ಯಾಯ ಮಾಡುತ್ತಿದ್ದೇನೆ ಎನ್ನುವ ಹಾಗೆ. ಹೊಸೂರಿನಲ್ಲಿ ಹೋಟೆಲಿನವನು ಪಾತ್ರೆ ಹಿಡಿದು ಬಂದವನು ನನ್ನ ಮುಖ ನೋಡಿ ಹಾಗೇ ಹಿಂದಕ್ಕೆ ಹೋದ. ಜವಾನ ಕ್ಯಾನು ಹೊತ್ತ. ನಾವಿಬ್ಬರೂ ಅವನ ಹಿಂದೆ, ಹೆಣದ ಹಿಂದೆ ಹೋಗುವವರ ಹಾಗೆ ನಡೆದೆವು.

ಅಧ್ಯಕ್ಷರ ಮನೆಯ ಗೇಟಿನಲ್ಲಿ ಮತ್ತೆ ಕಡ್ಡಿ ಬಿಟ್ಟೆ. ಜವಾನನಿಗೂ ತೋರಿಸಿದೆ. ನೂರು. ಅಡುಗೆಯವನು ಬಂದು ಕ್ಯಾನನ್ನು ಒಳಗೆ ಒಯ್ದ. ನಾವು ಎದುರಿನ ಹೊಂಗೆಮರದ ಕೆಳಗೆ ಕೂತೆವು.

"ಒಳೀಕ್ ಓಗಿ ನೋಡ್ಬಾರ್ದಾ?" ಎಂದಳು ಮಾದಮ್ಮ.

"ಬೇಡ. ಹೊರಗೆ ಬರಲಿ."

ಒಂದು ಗಂಟೆಯ ಮೇಲೆ ಕ್ಯಾನು ಹೊರಗೆ ಬಂತು. ಕಡ್ಡಿ ಬಿಟ್ಟೆ. ಎಂಬತ್ತು.

ಸೊನ್ನೆ ಬಿಂದು ಎಂಟರ ಎನ್ ಘಾತ ಸಮ ಸೊನ್ನೆ ಬಿಂದು ಎಂಟು. ಎನ್ ಎಷ್ಟು? ಟೇಬಲ್ ಬೇಕಾಗಿಲ್ಲ. ಮಾದಮ್ಮ ನನ್ನ ಮುಖ ನೋಡಿದಳು. ನಾನು ಒಂದು ಬೆರಳು ಎತ್ತಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಬೇರೇನೋ, ನಾನು ನೋಡಲಿಲ್ಲ.

ಆ ಸಂಜೆಯೇ ಮೀಟಿಂಗು ಕರೆದೆ. ಈ ಸಲ ನಾಲಿಗೆಗೆ ಏನೂ ಆಗಲಿಲ್ಲ. ಹಟ್ಟಿಯಲ್ಲಿ ನೂರು, ಗೇಟಿನಲ್ಲಿ ನೂರು, ಒಂದು ಗಂಟೆಯ ಮೇಲೆ ಎಂಬತ್ತು, ಜವಾನ ಸಾಕ್ಷಿ ಎಂದೆ. ಜವಾನ ತನಗೆ ಓದು ಬರುವುದಿಲ್ಲ, ಕಡ್ಡಿಯ ಮೇಲಿನ ಗೀಟು ಎಂಥದೋ ಗೊತ್ತಿಲ್ಲ ಎಂದ. ಅಧ್ಯಕ್ಷರ ಮುಖ ಕೆಂಪಾಯಿತು, ಆಮೇಲೆ ಬಹಳ ಶಾಂತವಾಯಿತು. ಶಾಂತವಾದದ್ದು ಕಂಡೇ ನನಗೆ ಭಯವಾಯಿತು.

"ನಮ್ಮ ಮನೆ ಅಂದ್ರೆ ಕಮಿಟೀದೇ ಮನೆ ಅಲ್ವೇನ್ರೀ?" ಎಂದರು. "ಕಮಿಟೀಗೆ ಅಂತ ಬಂದ ಅತಿಥಿಗಳಿಗೆ ನಮ್ಮಲ್ಲಿ ಕಾಫಿ ಆಗುತ್ತೆ. ಕಮಿಟಿಯ ಹಾಲು ಕಮಿಟಿಗೇ ಖರ್ಚಾದ್ರೆ ಅದು ಕಳ್ಳತನವಾ?"

"ನೀರು ಹುಯ್ದದ್ದು, ಸಾರ್?"

"ಹಾಲು ಕಮ್ಮಿ ಆದ್ರೆ ಕೊನೇಲಿರೋ ಮಕ್ಕಳಿಗೆ ಸಿಗಲ್ಲ. ಎಲ್ಲರಿಗೂ ಸಮನಾಗಿ ಸಿಗಲಿ ಅಂತ ಮಟ್ಟ ಮಾಡಿದ್ದಾರೆ. ಅಷ್ಟೂ ಕರುಣೆ ಬೇಡ್ವಾ?"

ಕರುಣೆ! ಆ ಪದಕ್ಕೆ ಇಂಥ ಅರ್ಥ ಇರುವುದು ನನಗೆ ತಿಳಿದಿರಲಿಲ್ಲ.

ವಕೀಲರು ಕನ್ನಡಕ ಒರೆಸುತ್ತಾ ಇನ್ನೊಂದು ಸೂಕ್ಷ್ಮ ಹುಡುಕಿದರು. "ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಬಂದದ್ದು ಒಂದು. ಒಂದು ಎಂದರೆ ಒಬ್ಬರು. ಜವಳಗಿರಿಯಿಂದ ಕ್ಯಾನಿನ ಜೊತೆ ಇದ್ದವರು ನೀವು. ಆ ಒಬ್ಬರು ನೀವೇ ಯಾಕಾಗಿರಬಾರದು?"

ಹೋದ ಸಲ ಮಾದಮ್ಮ ನಿಂತಿದ್ದ ಜಾಗದಲ್ಲಿ ಈಗ ನಾನು ನಿಂತಿದ್ದೆ. ನನಗೂ ಕೂರಲು ಯಾರೂ ಹೇಳಲಿಲ್ಲ.

ಠರಾವು ಇಂಗ್ಲಿಷಿನಲ್ಲಿ ಪಾಸಾಯಿತು. ಕಾರ್ಯದರ್ಶಿ ತಮ್ಮ ಅಧಿಕಾರ ಮೀರಿದ್ದಾರೆ, ಅವರನ್ನು ತೆಗೆಯಲಾಗಿದೆ. ಲ್ಯಾಕ್ಟೋಮೀಟರ್ ಅಧ್ಯಕ್ಷರ ವಶದಲ್ಲಿರತಕ್ಕದ್ದು. (ಅದು ನನ್ನ ಸ್ವಂತದ್ದು. ಕೈಯಿಂದ ಕೈಗೆ ಹೋಗುವಾಗ ಕೆಳಗೆ ಬಿದ್ದು ಒಡೆಯಿತು. ಆಕಸ್ಮಿಕ.) ಹಾಲಿಗೆ ಹೊಸ ಏರ್ಪಾಡು, ಬಾಗಲೂರಿನಲ್ಲಿರುವ ಅಧ್ಯಕ್ಷರ ಭಾವಮೈದುನರ ಹಸುಗಳಿಂದ. ಕೊನೆಗೆ, ತಂಪು ಕೋಣೆಯನ್ನು ಉಚಿತವಾಗಿ ಕೊಟ್ಟಿದ್ದಕ್ಕೆ ಅಧ್ಯಕ್ಷರಿಗೆ ಕೃತಜ್ಞತೆ.

ನಾನು ಸುಮ್ಮನಾಗಲಿಲ್ಲ. ಮಾರನೆಯ ಬೆಳಿಗ್ಗೆ ಜಗಲಿಯ ಮುಂದೆ ನಿಂತು, ಸಾಲಿನಲ್ಲಿದ್ದ ತಾಯಂದಿರಿಗೆಲ್ಲ ನಡೆದದ್ದನ್ನು ಗಟ್ಟಿಯಾಗಿ ಹೇಳಿದೆ. ಹಾಲಿನವಳದು ಏನೂ ತಪ್ಪಿಲ್ಲ, ಅರ್ಧದಷ್ಟೂ ಹಾಲು ನಿಮಗೆ ಬಂದೇ ಇಲ್ಲ, ನಾನು ನೋಡದೆ ಸಹಿ ಹಾಕಿದ್ದೆ ಎಂದೆ. ದೊಡ್ಡ ಗಲಾಟೆ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡಿದ್ದ ಒಬ್ಬಳು ಮಾತ್ರ ಹೇಳಿದಳು.

"ನಮ್ಗೆ ಗೊತ್ತಿತ್ತು ಸಾಮಿ. ಬಾಯಿಗಿಟ್ರೆ ಗೊತ್ತಾಗಲ್ವಾ? ಯೋಳುದ್ರೆ ಅದೂ ನಿಲ್ಲಿಸ್ಬುಟ್ಟಾರು ಅಂತ ಸುಮ್ಕಿದ್ವಿ."

ಹದಿನೈದು ವರ್ಷ ಪಾಠ ಹೇಳಿದವನಿಗೆ ಒಂದು ಸಾಲಿನ ಪಾಠ.

ನನ್ನ ಕೆಲಸ ಹೋಗಿಲ್ಲ. ಖಾಯಮ್ಮೂ ಆಗಿಲ್ಲ. ಆಗುವ ಲಕ್ಷಣವೂ ಇಲ್ಲ. ಮಾದಮ್ಮನ ಹೆಸರು ಮಾತ್ರ ಚೊಕ್ಕಟವಾಯಿತು. ಅದನ್ನು ಮಾಡಿದ್ದು ನಾನಲ್ಲ, ಆ ಕಂಡಕ್ಟರ್. ದಾರಿಯ ಪ್ರತಿ ಸ್ಟಾಪಿನಲ್ಲೂ ಬಸ್ಸಿನವರಿಗೆಲ್ಲ ಕಥೆ ಹೇಳಿದನಂತೆ. ತಾನು ಕದ್ದದ್ದನ್ನೂ ಸೇರಿಸಿ, ಎರಡು ಭಾಷೆಯಲ್ಲಿ, ನಗುತ್ತಾ. ನಾಚಿಕೆಯಿಲ್ಲದ ಕಳ್ಳನಷ್ಟು ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಬಾವಿಯ ಹತ್ತಿರ ಈಗ ಯಾರೂ ಅವಳ ಕೊಡದ ವಿಚಾರ ಎತ್ತುವುದಿಲ್ಲವಂತೆ.

ಬಾಗಲೂರಿನ ಹಾಲು ಬರತೊಡಗಿ ಎರಡು ವಾರವಾಯಿತು. ಅಳೆಯಲು ಕಡ್ಡಿ ಇಲ್ಲವಾದ್ದರಿಂದ ಅದು ನೂರಕ್ಕೆ ನೂರು ಶುದ್ಧ. ಸಾಲಿನಲ್ಲಿ ನಿಲ್ಲುವವರು ಕಡಿಮೆಯಾಗಿದ್ದಾರೆ. ಕೆಲವು ಕೂಸುಗಳಿಗೆ ಮನೆಯಲ್ಲಿ ರಾಗಿಯ ಸರಿ ಮಾಡಿ ತಿನ್ನಿಸುತ್ತಿದ್ದಾರೆ. ಅದರಲ್ಲಿ ಹೆಚ್ಚು ಸತ್ವವಿದೆ ಎಂದು ಕೇಳಿದೆ. ನನಗೆ ಆಶ್ಚರ್ಯವಾಗಲಿಲ್ಲ.

ಮೊನ್ನೆ ಸಂತೆಯಲ್ಲಿ ಮಾದಮ್ಮ ಸಿಕ್ಕಿದ್ದಳು. ಮತ್ತೆ ಹಾಲು ಕಳಿಸುತ್ತೀಯಾ, ಬೇರೆ ಮನೆಗಳಿಗೆ ನಾನು ಗೊತ್ತುಮಾಡಿಕೊಡುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡಿ ಸ್ವಾಮಿ. ಈಗ ಬೆಣ್ಣೆ ಕಡ್ದು ತುಪ್ಪ ಕಾಯಿಸ್ತೀವ್ನಿ. ನಾನೇ ಬತ್ತೀನಿ, ನಾನೇ ಮಾರ್ತೀನಿ. ನೆಮ್ದಿಯಾಗಿವ್ನಿ."

ಇರದೆ ಏನು? ತುಪ್ಪಕ್ಕೆ ನೀರು ಬೆರೆಯುವುದಿಲ್ಲ ನೋಡಿ, ಅದಕ್ಕೇ ಇರಬೇಕು, ನಮ್ಮೂರಿನಲ್ಲಿ ತುಪ್ಪಕ್ಕೆ ಇನ್ನೂ ಯಾರೂ ಕಮಿಟಿ ಮಾಡಿಲ್ಲ.